ಎಡಗಡೆಯ ಬಿಸಿ ಕನ್ನಡಿ

ಕಳೆದ ಜುಲೈಯಲ್ಲಿ ಸಹೋದ್ಯೋಗಿಯೊಬ್ಬರು ಆಫೀಸಿರುವ ಐರೋಲಿಯಿಂದ ನನ್ನ ಮನೆಯಿರುವ ಡೊಂಬಿವಲಿಯವರೆಗೆ ತಮ್ಮ ಕಾರಿನಲ್ಲಿ ಲಿಫ್ಟ್ ಕೊಟ್ಟರು. ಸೆಕೆಂಡ್‌ಹ್ಯಾಂಡ್ ಕೊಂಡ ಹಳೆಯ ಕಾರು. ನಾನು ಮುಂದೆ, ಎಡಗಡೆ ಕೂತಿದ್ದೆ. ಮಹಾಪೆ ದಾಟುವಷ್ಟರಲ್ಲಿ ಮಳೆ ಬಡಿಯತೊಡಗಿ ಎರಡೂ ಬಾಗಿಲ ಕನ್ನಡಿಗಳು ಮಂಜಾದವು. ಅವರು ಕಿಟಕಿ ಇಳಿಸಿ ಕೈಯಲ್ಲಿ ಒರೆಸಲು ಹೊರಟಾಗ ನನ್ನ ಕಣ್ಣು ಡ್ಯಾಶ್‌ಬೋರ್ಡಿನ ಒಂದು ಸ್ವಿಚ್ಚಿನ ಮೇಲೆ ಬಿತ್ತು. ಪುಟ್ಟ ಕನ್ನಡಿಯ ಚಿತ್ರ, ಅದರೊಳಗೆ ಹಬೆಯಂಥ ಮೂರು ಅಂಕುಡೊಂಕು ಗೆರೆ. "ಇದನ್ನು ಒತ್ತಿ ನೋಡಿ" ಎಂದೆ. ಮೂರು ವರ್ಷದಿಂದ ಆ ಕಾರು ಓಡಿಸುತ್ತಿದ್ದವರಿಗೆ ಅದು ಏತಕ್ಕೆ ಎಂದೇ ಗೊತ್ತಿರಲಿಲ್ಲ. ಒತ್ತಿದರು. ಸ್ವಲ್ಪ ಹೊತ್ತಿಗೆ ಗಾಜಿನ ನಡುವಿನಿಂದ ಮಂಜು ಕರಗುತ್ತ ಕರಗುತ್ತ ಅಂಚಿಗೆ ಸರಿದು, ಹಿಂದಿನ ಲಾರಿಯ ದೀಪ ಸ್ವಚ್ಛವಾಗಿ ಕಂಡಿತು.

"ನಿಮಗೆ ಹೇಗೆ ಗೊತ್ತು?" ಎಂದು ಕೇಳಿದರು. ಎದುರುಮನೆಯಲ್ಲಿ ಒಬ್ಬರಿದ್ದರು, ಅವರ ಕಾರಿನಲ್ಲಿ ನೋಡಿದ್ದೆ ಎಂದಷ್ಟೇ ಹೇಳಿದೆ.

ಡೊಂಬಿವಲಿಯ ಕೈಗಾರಿಕಾ ಪ್ರದೇಶ ಎಂಐಡಿಸಿಯ ಪಕ್ಕದ ಕಟ್ಟಡದಲ್ಲಿ, ಎರಡನೇ ಮಹಡಿಯಲ್ಲಿ, ನಮ್ಮ ಬಾಗಿಲಿಗೆ ಎದುರು ಬಾಗಿಲು ಅವರದ್ದು. ಧಾರವಾಡದ ಕಡೆಯವರು. ಅಲ್ಲೇ ಒಂದು ಕೆಮಿಕಲ್ ಫ್ಯಾಕ್ಟರಿಯಲ್ಲಿ ಎಲೆಕ್ಟ್ರಿಕಲ್ ಸೂಪರ್‌ವೈಸರ್. ನಾನು ಉಡುಪಿಯ ಕಡೆಯವನು, ಆಗ ಥಾಣೆಯ ಆಫೀಸೊಂದರಲ್ಲಿ ಕೆಲಸ. ವಯಸ್ಸಿನಲ್ಲಿ ಅವರು ನನಗಿಂತ ಐದಾರು ವರ್ಷ ದೊಡ್ಡವರಿರಬೇಕು. ಮಕ್ಕಳಿರಲಿಲ್ಲ. ಸಭ್ಯರು. ಯಾರಿಗೂ ಕೆಟ್ಟದ್ದು ಬಯಸದವರು. ಇಷ್ಟೆಲ್ಲ ಈಗ ಬರೆಯುತ್ತಿದ್ದೇನೆ, ಆಗ ಅವರ ಹೆಸರು ಕಿವಿಗೆ ಬಿದ್ದರೂ ಮೈ ಉರಿಯುತ್ತಿತ್ತು.

ಕಾರಣ ನಮ್ಮ ಅಪ್ಪ. ಅಪ್ಪ ಥಾಣೆಯ ಒಂದು ಹೋಟೆಲಿನಲ್ಲಿ ಸುಮಾರು ನಲವತ್ತು ವರ್ಷ ದೋಸೆ ಕಾವಲಿಯ ಮುಂದೆ ನಿಂತವರು. ಮೊಣಕಾಲು ಸೋತ ಮೇಲೆ ಕೆಲಸ ಬಿಟ್ಟು ನಮ್ಮ ಜೊತೆ ಇದ್ದರು. ಮನೆಯಲ್ಲಿ ಎಲ್ಲರೂ ತುಳು. ಆದರೂ ಅಪ್ಪ ನನ್ನೊಡನೆ ದಿನಕ್ಕೆ ನಾಲ್ಕು ಮಾತು ಆಡಿದರೆ ಹೆಚ್ಚು. ಊಟ ಆಯಿತಾ, ಟ್ರೇನ್ ಸಿಕ್ಕಿತಾ, ಅಷ್ಟೇ. ಅವರು ಇರುವುದೇ ಹಾಗೆ, ಮಿತಭಾಷಿ ಎಂದು ನಾನು ನಂಬಿದ್ದೆ. ಎದುರುಮನೆಯವರ ಕಾರು ಬಂದ ಮೇಲೆ ಗೊತ್ತಾಯಿತು, ಹಾಗೇನೂ ಇರಲಿಲ್ಲ.

ಅದೇ ವರ್ಷ ನಾನೂ ಕಾರು ಕೊಂಡಿದ್ದೆ. ಹೊಚ್ಚ ಹೊಸದು, ಚಿಕ್ಕದು, ಆ ಮಾಡೆಲ್‌ನಲ್ಲೇ ಕಡಿಮೆ ದರ್ಜೆಯದು. ಹೂವಿನ ಹಾರ ಹಾಕಿ ಕಟ್ಟಡದ ಮುಂದೆ ನಿಲ್ಲಿಸಿದಾಗ ಅಪ್ಪ ಸುತ್ತ ಒಂದು ಪ್ರದಕ್ಷಿಣೆ ಬಂದು ಕೇಳಿದ ಒಂದೇ ಪ್ರಶ್ನೆ, ಎಡಗಡೆ ಕನ್ನಡಿ ಎಲ್ಲಿ ಎಂದು. ಆ ದರ್ಜೆಯ ಕಾರುಗಳಿಗೆ ಕಂಪನಿಯವರು ಎಡಗನ್ನಡಿ ಕೊಡುತ್ತಲೇ ಇರಲಿಲ್ಲ. ಬೇಕಾದವರು ಹೊರಗೆ ಹಾಕಿಸಿಕೊಳ್ಳಬೇಕು. ನಾನು ಹಾಕಿಸುವಷ್ಟರಲ್ಲಿ ಎರಡು ತಿಂಗಳಾಯಿತು. ಆ ಎರಡು ತಿಂಗಳಲ್ಲಿ ಒಮ್ಮೆ ಅಪ್ಪ ಪಕ್ಕದಲ್ಲಿ ಕೂತು, ಹಿಂದಕ್ಕೆ ತಿರುಗಿ, "ಎಡಗಡೆಯಿಂದ ಲಾರಿ ಬರ್ತಾ ಉಂಟು" ಎಂದು ತುಳುವಿನಲ್ಲಿ ಹೇಳಿದರು. "ನನಗೆ ಗೊತ್ತುಂಟು, ನೀವು ಸುಮ್ಮನೆ ಕೂತ್ಕೊಳ್ಳಿ" ಎಂದೆ. ಸುಮ್ಮನೆ ಕೂತರು. ಮತ್ತೆ ನನ್ನ ಕಾರಿನಲ್ಲಿ ಬಾಯಿ ತೆರೆಯಲಿಲ್ಲ.

ಎದುರುಮನೆಯವರದ್ದು ಅವರ ಫ್ಯಾಕ್ಟರಿಯ ದೊಡ್ಡ ಸಾಹೇಬರು ಬಳಸಿ ಬಿಟ್ಟ ಉದ್ದನೆಯ ವಿದೇಶಿ ಕಾರು. ಹತ್ತು ವರ್ಷಕ್ಕಿಂತ ಹಳೆಯದು. ಬಣ್ಣ ಮಾಸಿತ್ತು, ಸೀಟು ಕುಸಿದಿತ್ತು. ನಾನು ಒಳಗೊಳಗೇ ನಕ್ಕಿದ್ದೆ. ಆದರೆ ಮೊದಲ ಮಳೆಯ ಭಾನುವಾರ ಅವರು ಅಪ್ಪನನ್ನು ಗೇಟಿನ ಹತ್ತಿರ ಕಂಡು, "ಬರ್ರಿ ಕಾಕಾ, ಕಲ್ಯಾಣ ಮಾರ್ಕೆಟಿಗೆ ಹೊಂಟೇನಿ, ಕಾಯಿಪಲ್ಯ ತರೂಣು" ಎಂದು ಕರೆದುಕೊಂಡು ಹೋದರು. ತಿರುಗಿ ಬಂದ ಅಪ್ಪನ ಮುಖ ನೋಡಬೇಕಿತ್ತು. ಕಾರಿನಿಂದ ಇಳಿದವರು ಮನೆಗೆ ಬಾರದೆ ಎಡಗನ್ನಡಿಯ ಮುಂದೆ ನಿಂತರು. ಬೆರಳು ಒದ್ದೆ ಮಾಡಿ, ಕಾವಲಿ ಕಾದಿದೆಯೇ ಎಂದು ನೋಡುವಾಗ ಚಿಮುಕಿಸುತ್ತಿದ್ದಂತೆಯೇ, ಗಾಜಿನ ಮೇಲೆ ನಾಲ್ಕು ಹನಿ ಚಿಮುಕಿಸಿದರು. ಚುಂಯ್ ಎನ್ನುವಷ್ಟು ಬಿಸಿ ಅದಲ್ಲ, ಉಗುರುಬೆಚ್ಚಗಿಂತ ತುಸು ಹೆಚ್ಚು. ಹನಿಗಳು ನಿಧಾನವಾಗಿ ಸಣ್ಣದಾಗುತ್ತ ಮಾಯವಾದವು. "ಕನ್ನಡಿಗೂ ಕಾವಲಿ ಇಟ್ಟಿದ್ದಾರಲ್ಲ ಮಾರಾಯ್ರೆ!" ಎಂದು ಅಪ್ಪ ಗಟ್ಟಿಯಾಗಿ ನಕ್ಕರು. ಅವರು ಹಾಗೆ ನಕ್ಕಿದ್ದನ್ನು ನಾನು ಎಷ್ಟು ವರ್ಷದಿಂದ ಕೇಳಿರಲಿಲ್ಲವೋ...

ಗಾಜಿನ ಹಿಂದೆ ತೆಳ್ಳನೆಯ ಹೀಟರ್ ಅಂಟಿಸಿರುತ್ತಾರೆ, ಎರಡು ವಾಯರಿನಿಂದ ಕರೆಂಟು ಬರುತ್ತದೆ ಎಂದು ಎದುರುಮನೆಯವರು ವಿವರಿಸಿದರು. ಅಪ್ಪ ಮನೆಗೆ ಬಂದು ಅದನ್ನೇ ನನಗೆ ವಿವರಿಸಿದರು. ಅವರು ನನಗೆ ಒಟ್ಟಿಗೆ ಅಷ್ಟು ಮಾತು ಹೇಳಿದ್ದು ಅದೇ ಮೊದಲು, ಅದೂ ಇನ್ನೊಬ್ಬರ ಕಾರಿನ ಬಗ್ಗೆ. ಅಂದಿನಿಂದ ಪ್ರತಿ ಭಾನುವಾರ ಅವರಿಬ್ಬರ ಸವಾರಿ. ಕೋಪರಖೈರಣೆಯ ನೆಂಟರ ಮನೆಗೆ ನನ್ನ ಕಾರಿನಲ್ಲಿ ಬನ್ನಿ ಎಂದರೆ ಅಪ್ಪನಿಗೆ ಮೊಣಕಾಲು ನೋವು, ಕಲ್ಯಾಣಕ್ಕೆ ಹೊರಡುವಾಗ ಆ ನೋವು ಎಲ್ಲಿ ಹೋಗುತ್ತಿತ್ತೋ.

ಮುಂದಿನ ವರ್ಷ ಮೇ ತಿಂಗಳಲ್ಲಿ ಕೋಪರಖೈರಣೆಯಲ್ಲಿ ಒಂದು ಮದುವೆ. ನನ್ನ ಕಾರು ಗ್ಯಾರೇಜಿನಲ್ಲಿತ್ತು. ಕೇಳುವ ಮೊದಲೇ ಎದುರುಮನೆಯವರು ಕೀ ತಂದು ಕೈಗಿಟ್ಟರು. ಬರುವಾಗ ಶಿಳ್‌ಫಾಟಾದ ಟ್ರಾಫಿಕ್‌ನಲ್ಲಿ ಎಡಗಡೆಯಿಂದ ನುಗ್ಗಿದ ರಿಕ್ಷಾವೊಂದು ಕನ್ನಡಿಗೆ ತಾಗಿಸಿಕೊಂಡು ಹೋಯಿತು. ಗಾಜು ಬಿರುಕು ಬಿಟ್ಟಿತು. ಕವಚಕ್ಕೆ ಏನೂ ಆಗಿರಲಿಲ್ಲ. ಸರಿ ಮಾಡಿಸಿಯೇ ಕೊಡುತ್ತೇನೆಂದು ಮರುದಿನ ಬೆಳಿಗ್ಗೆ ಕಲ್ಯಾಣದ ಗಾಜಿನ ಅಂಗಡಿಗೆ ಒಯ್ದೆ.

ಅಂಗಡಿಯವನು ಒಡೆದ ಗಾಜು ಕಿತ್ತು ಹಿಂದೆ ನೋಡಿ, "ಸಾಬ್, ಯೇ ಗರಮ್‌ವಾಲಾ ಹೈ. ಮಂಗಾನಾ ಪಡೇಗಾ, ಆಠ್ ದಿನ್ ಲಗೇಗಾ" ಎಂದ. ಬಿಸಿಯಾಗುವ ಗಾಜು, ತರಿಸಲು ಎಂಟು ದಿನ. ಕಾಯಬಹುದಿತ್ತು. ಮಳೆಗೆ ಇನ್ನೂ ಮೂರು ವಾರವಿತ್ತು. ಎದುರುಮನೆಯವರು ಅವಸರ ಮಾಡುವ ಜನವೂ ಅಲ್ಲ. "ಸಾದಾ ಲಗಾ ದೋ" ಎಂದೆ. ಅವನು ನೇತಾಡುತ್ತಿದ್ದ ಎರಡು ವಾಯರ್ ಎತ್ತಿ ತೋರಿಸಿ, "ಔರ್ ಇಸ್ ಕಾ?" ಎಂದು ಕೇಳಿದ.

"ಕಾಟ್ ದೋ."

ಕತ್ತರಿಸಿಬಿಟ್ಟ. ಆ ಚಿಕ್ಕ ಸದ್ದಿಗೆ ನನ್ನ ಹೊಟ್ಟೆ ತಣ್ಣಗಾಯಿತು. ಸುಳ್ಳು ಯಾಕೆ ಹೇಳಲಿ, ಬಹಳ ತಣ್ಣಗಾಯಿತು. ಸಾದಾ ಗಾಜು ಕೂಡಿಸಿದ ಮೇಲೆ ನೋಡಲು ಮೊದಲಿನಂತೆಯೇ ಇತ್ತು. ಕೀ ವಾಪಸು ಕೊಡುತ್ತ, ಗಾಜು ಒಡೆದಿತ್ತು, ಹೊಸದು ಹಾಕಿಸಿದ್ದೇನೆ ಎಂದೆ. "ಅಯ್ಯ, ಅದಕ್ಯಾಕ ಇಷ್ಟು ತ್ರಾಸ ತಗೊಂಡ್ರಿ?" ಎಂದು ಅವರೇ ಸಂಕೋಚಪಟ್ಟರು.

ಜೂನಿನ ಮೊದಲ ಮಳೆಯ ಭಾನುವಾರಕ್ಕೆ ನಾನು ಕಾದಿದ್ದೆ. ಚಹಾದ ಲೋಟ ಹಿಡಿದು ಬಾಲ್ಕನಿಯಲ್ಲಿ ನಿಂತೆ. ಕೆಳಗೆ ಅಪ್ಪ ಎಡಸೀಟಿನಲ್ಲಿ. ಕಾರು ಸ್ಟಾರ್ಟ್ ಆಯಿತು. ಬಲಗನ್ನಡಿ ಮೆಲ್ಲಗೆ ತಿಳಿಯಾಯಿತು, ಎಡಗನ್ನಡಿ ಮಂಜು ಕವಿದೇ ಉಳಿಯಿತು. ಎದುರುಮನೆಯವರು ಕೊಡೆಯಿಲ್ಲದೆ ಇಳಿದು, ಸುತ್ತಿ ಬಂದು, ಆ ಗಾಜಿನ ಮೇಲೆ ಅಂಗೈ ಇಟ್ಟರು. ತುಸು ಹೊತ್ತು ಹಾಗೇ ನಿಂತರು. ಮೇಲೆ ನೋಡುತ್ತಾರೆಂದು ನಾನು ಹಿಂದೆ ಸರಿದೆ. ನೋಡಲಿಲ್ಲ. ಕಿಟಕಿಗೆ ಬಗ್ಗಿ ಅಪ್ಪನಿಗೆ ಏನೋ ಹೇಳಿದರು. ಅಪ್ಪ ಹೆಗಲ ಮೇಲಿನ ಬೈರಾಸು ತೆಗೆದು, ಕೈ ಹೊರಚಾಚಿ, ಕನ್ನಡಿ ಒರೆಸಿದರು.

ಮಧ್ಯಾಹ್ನ ಊಟಕ್ಕೆ ಕೂತಾಗ ಅಪ್ಪ ನನ್ನ ಹೆಂಡತಿಗೆ ಹೇಳುತ್ತಿದ್ದರು. ಎಡಗಡೆಯ ಕನ್ನಡಿ ಕೆಟ್ಟಿದೆಯಂತೆ, ಇನ್ನು ಮೇಲೆ ಎಡಗಡೆ ಪೂರ್ತಿ ತಮ್ಮ ಜವಾಬ್ದಾರಿಯಂತೆ. ಜವಾಬ್ದಾರಿ ಎನ್ನುವಾಗ ಅವರ ಬೆನ್ನು ನೆಟ್ಟಗಾಗಿತ್ತು. ನಾನು ಅನ್ನ ಕಲಸುತ್ತಲೇ ಇದ್ದೆ.

ಆಮೇಲಿನ ನಾಲ್ಕು ವರ್ಷ ನನಗೆ ತಕ್ಕ ಶಾಸ್ತಿ. ಭಾನುವಾರ ಅಪ್ಪ ಎಲ್ಲರಿಗಿಂತ ಮೊದಲು ಎದ್ದು, ಗಡ್ಡ ಹೆರೆದು, ಕನ್ನಡಕ ಒರೆಸಿ, ಒಣ ಬೈರಾಸು ಮಡಚಿ ಹೆಗಲಿಗೆ ಹಾಕಿ ತಯಾರು. ಮಳೆಗಾಲಕ್ಕೆ ಮಾತ್ರವಲ್ಲ, ಬೇಸಿಗೆಯಲ್ಲೂ. ಒಂದು ಸಲ ನಾನೂ ಹಿಂದಿನ ಸೀಟಿನಲ್ಲಿ ಹೋಗಿದ್ದೆ. ಬಿಸಿಲು ಹೊಳೆಯುತ್ತಿತ್ತು, ಎಡಗನ್ನಡಿಯಲ್ಲಿ ಹಿಂದಿನ ರಸ್ತೆಯೆಲ್ಲ ನನಗೇ ಕಾಣುತ್ತಿತ್ತು. ಆದರೂ ಪ್ರತಿ ತಿರುವಿನಲ್ಲಿ ಎದುರುಮನೆಯವರು, "ಕಾಕಾ, ಎಡಕ್ಕ ಹೆಂಗದ?" ಎಂದು ಕೇಳುವರು. "ಒಂದು ರಿಕ್ಷಾ ಉಂಟು, ಹೋಗ್ಲಿ ಬಿಡಿ... ಹಾಂ, ಈಗ ತಿರುಗಿಸಿ" ಎಂದು ಅಪ್ಪ. ಅಪ್ಪ ಹೇಳುವವರೆಗೆ ಅವರು ಸ್ಟಿಯರಿಂಗ್ ತಿರುಗಿಸುತ್ತಲೇ ಇರಲಿಲ್ಲ. ಹಿಂದಿನವರು ಹಾರ್ನ್ ಹೊಡೆದು ಬೈದರೂ ಇಲ್ಲ.

ತಡೆಯಲಾರದೆ ಹೇಳಿದೆ, "ನೀವೇ ಎಲೆಕ್ಟ್ರಿಕಲ್‌ನವರು. ಕನ್ನಡಿಯ ಹೀಟರ್ ಸರಿ ಮಾಡಿಕೊಳ್ಳಬಾರದಾ?"

"ಮಾಡೂಣು. ಅವಸರ ಏನದರಿ? ಕಾಕಾ ಇದ್ದಾರಲ್ಲ" ಎಂದರು. ನಡುವಿನ ಕನ್ನಡಿಯಲ್ಲಿ ಅವರ ಕಣ್ಣು ನನ್ನ ಕಣ್ಣಿಗೆ ಸಿಕ್ಕಿತು. ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಅಪ್ಪ ಒಂದು ಜನವರಿಯಲ್ಲಿ ತೀರಿಕೊಂಡರು. ಹಿಂದಿನ ಭಾನುವಾರ ಕೂಡ ಕಲ್ಯಾಣಕ್ಕೆ ಹೋಗಿ ಬಂದಿದ್ದರು. ಎದುರುಮನೆಯವರು ಚಿತೆಯ ಹತ್ತಿರ ನನಗಿಂತ ಹೆಚ್ಚು ಅತ್ತರು. ಅದಕ್ಕೂ ನನಗೆ ಸಂಕಟವಾಯಿತು, ದುಃಖದಲ್ಲೂ ಇವರದ್ದೇ ಮೇಲುಗೈಯೇ ಎಂದು. ಆಮೇಲೆ ಆ ಕಾರು ಹೊರಗೆ ಹೋದದ್ದು ಕಡಿಮೆ. ಮರುವರ್ಷ ಡ್ಯೂಟಿಯಲ್ಲಿದ್ದಾಗ ಎದೆನೋವು ಬಂದು ಅವರೂ ಹೋದರು.

ಅವರ ಹೆಂಡತಿ ಮನೆ ಖಾಲಿ ಮಾಡಿ ಧಾರವಾಡಕ್ಕೆ ಹೊರಡುವ ದಿನ ನಮ್ಮ ಬಾಗಿಲು ತಟ್ಟಿದರು. ಕೈಯಲ್ಲಿ ಹಳೆಯ ಮರಾಠಿ ಪೇಪರಿನಲ್ಲಿ ಸುತ್ತಿದ ಚಪ್ಪಟೆ ಪೊಟ್ಟಣ. "ಕಾರಿಂದೇನೋ ಸಾಮಾನು ಇದು. ಕಪಾಟಿನ್ಯಾಗ ಇತ್ತು. ಕಾರು ಗುಜರಿಯವ್ರು ಒಯ್ದ್ರು, ನನಗ ಇದನ್ನ ತಗೊಂಡು ಏನ್ ಮಾಡಬೇಕ್ರಿ? ನಿಮ್ಮ ಕಾರಿಗೆ ಬರ್ತದೇನು ನೋಡ್ರಿ" ಎಂದರು. ಬಿಚ್ಚಿದೆ. ಎಡಗಡೆಯ ಗಾಜು. ಹಿಂದೆ ಕಪ್ಪು ಹೀಟರ್, ವಾಯರ್ ಸಿಕ್ಕಿಸುವ ಎರಡು ಪಿನ್ನು. ಒಮ್ಮೆಯೂ ಕೂಡಿಸಿದ್ದಲ್ಲ. ಪೇಪರಿನ ತಾರೀಕು ನೋಡಿದೆ. ನಾನು ವಾಯರ್ ಕತ್ತರಿಸಿದ ವರ್ಷದ್ದೇ, ಜೂನ್ ತಿಂಗಳದ್ದು.

"ಹಾಕಿಸಲೇ ಇಲ್ಲವಲ್ಲ, ಯಾಕೆ?" ಎಂದು ಕೇಳಿದೆ.

"ನಾನೂ ಕೇಳಿದ್ದೆ. ಇದನ್ನ ಹಾಕಿದ್ರ ಕಾಕಾಗ ಏನ್ ಕೆಲಸ ಉಳೀತದ ಅಂದ್ರು."

ಯಾರು ಕತ್ತರಿಸಿದರು ಎಂಬುದನ್ನು ಹೆಂಡತಿಗೂ ಹೇಳಿರಲಿಲ್ಲ ಅವರು. ಅಷ್ಟು ದಿನ ವಾಯರಿನ ಜೊತೆ ಕೆಲಸ ಮಾಡಿದವರಿಗೆ ಕತ್ತರಿಸಿದ ತುದಿ ಯಾವುದು, ಕಿತ್ತುಹೋದ ತುದಿ ಯಾವುದು ಎಂದು ತಿಳಿಯದೆ ಇರುತ್ತದೆಯೇ?

ಕಳೆದ ಜುಲೈಯ ಆ ಮಳೆಯ ದಿನ ಸಹೋದ್ಯೋಗಿಯ ಕಾರಿನಿಂದ ಇಳಿದು ಮನೆಗೆ ಬಂದವನು ಆ ಗಾಜನ್ನು ಹೊರತೆಗೆದೆ. ಹನ್ನೆರಡು ವೋಲ್ಟಿನ ಹಳೆಯ ಅಡಾಪ್ಟರಿಗೆ ಎರಡು ವಾಯರ್ ಜೋಡಿಸಿ ಮೇಜಿನ ಮೇಲೆ ಮಲಗಿಸಿದೆ. ಬೆರಳು ಒದ್ದೆ ಮಾಡಿ, ಅಪ್ಪನ ಹಾಗೆ, ನಾಲ್ಕು ಹನಿ ಚಿಮುಕಿಸಿದೆ. ಇಷ್ಟು ವರ್ಷವಾದರೂ ಕೆಲಸ ಮಾಡುತ್ತಿದೆ. ಹನಿಗಳು ಒಂದೊಂದಾಗಿ ಆರಿದವು.

ನನ್ನ ಕಾರಿಗೆ ಎಡಗನ್ನಡಿ ಇಲ್ಲದ ಆ ಎರಡು ತಿಂಗಳು ಅಪ್ಪ ನನ್ನ ಪಕ್ಕದಲ್ಲೇ ಕೂತಿದ್ದರು. ನನಗೆ ಹೊಳೆಯದೆ ಹೋದದ್ದು ಎದುರುಮನೆಯವರಿಗೆ ಮಳೆಯಲ್ಲಿ ನಿಂತ ಒಂದು ನಿಮಿಷದಲ್ಲಿ ಹೊಳೆಯಿತು. ಇದು ಪಶ್ಚಾತ್ತಾಪ ಎಂದು ಬರೆದರೆ ನನಗೇ ಮರ್ಯಾದೆ. ಆದರೆ ಅಲ್ಲ, ಇದು ಅದೇ ಹಳೆಯ ಹೊಟ್ಟೆಕಿಚ್ಚು... ಇಬ್ಬರೂ ಹೋಗಿಬಿಟ್ಟರು. ಆ ಕಿಚ್ಚು ಮಾತ್ರ ನನ್ನ ಹತ್ತಿರ ಉಳಿದಿದೆ.