ಬುಡದ ಮೂಲೆಯ ಎಡಗೈ ಗೀರು

ಊರು ಅವನಿಗಿಟ್ಟ ಹೆಸರು ಎಡಚ. ಕಲ್ಲುಕುಟಿಗರಾದ ಅವನ ಮನೆತನದಲ್ಲಿ ಹುಟ್ಟಿದವರೆಲ್ಲ ಸುತ್ತಿಗೆ ಹಿಡಿಯುವುದು ಎಡಗೈಯಲ್ಲೇ. ಬಲಗೈಯವರ ಉಳಿಯ ಗೀರು ಒಂದು ಕಡೆಗೆ ವಾಲಿದರೆ ಇವರದು ಇನ್ನೊಂದು ಕಡೆಗೆ. ಅರವತ್ತು ದಾಟಿದ ಮೇಲೂ ಅವನು ಗೀರು ಸವರಿ ಇದು ಯಾವ ಕೈಯ ಕೆಲಸವೆಂದು ಹೇಳಬಲ್ಲ. ಒಬ್ಬಳೇ ಮಗಳು ಮಾತ್ರ ಬಲಗೈಗೆ ಹೊರಳಿದ್ದಳು. ಶಾಲೆಯಲ್ಲಿ ಬೆರಳ ಗೆಣ್ಣಿಗೆ ಏಟು ಕೊಟ್ಟು ಹೊರಳಿಸಿದ್ದರು. ಈಗ ಅದೇ ಶಾಲೆಯಲ್ಲಿ ಟೀಚರ್ ಆಗಿ ತಾನೂ ಎಡಗೈಯಲ್ಲಿ ಬರೆಯುವ ಮಕ್ಕಳ ಗೆಣ್ಣಿಗೆ ಅಷ್ಟೇ ನಿಷ್ಠೆಯಿಂದ ಏಟು ಕೊಡುತ್ತಿದ್ದಳು.

ಊರ ಪಕ್ಕದ ಗುಡ್ಡದೊಳಗೆ ಬಂಡೆ ಕೊರೆದು ಮಾಡಿದ ಹಳೆಯ ಕೋಣೆಯೊಂದಿತ್ತು. ಒಳಗೆ ನಿಂತರೆ ಎದೆಗೂಡೇ ಗುಂಯ್‌ಗುಡುತ್ತದೆ. ಕೆಮ್ಮಿದರೆ, ನಾವು ಸುಮ್ಮನಾದ ಮೇಲೂ ಯಾರೋ ಕೆಮ್ಮುತ್ತಿರುತ್ತಾರೆ. ಅದರ ಚಿತ್ರ ತೆಗೆಯಲು ಟೀವಿಯವನೊಬ್ಬ ಬಂದ. ಆಕಾಶದಿಂದ ಇಳಿದವರು ಯಂತ್ರದಲ್ಲಿ ಕೊರೆದ ಕೋಣೆ ಇದು, ಈ ಜನಕ್ಕೆ ಎಲ್ಲಿಂದ ಬರಬೇಕು ಇಂಥ ವಿದ್ಯೆ ಎಂಬುದು ಅವನ ವಾದ. ನಿಮ್ಮೂರಿನ ಹಳೆಯ ಗೋಪುರ ಕಟ್ಟಿದವರು ಯಾರು ಎಂದು ಎಡಚ ಕೇಳಿದ್ದಕ್ಕೆ, ನಮ್ಮ ಮುತ್ತಜ್ಜಂದಿರು ಎಂದು ಎದೆಯುಬ್ಬಿಸಿದ. ಆಕಾಶದವರಿಗೆ ಪಾಪ, ಅವನ ಊರಿನ ದಾರಿ ಮಾತ್ರ ಗೊತ್ತಿರಲಿಲ್ಲ.

ದೀಪ ಹಿಡಿಯುವ ಕೆಲಸ ಎಡಚನಿಗೆ ಸಿಕ್ಕಿತು. ಮಗಳು ಊರಿನ ಟೀಚರ್ ಎಂದು ಕ್ಯಾಮೆರಾ ಮುಂದೆ ಎರಡು ಮಾತು ಆಡಬೇಕಿತ್ತು: ಇದನ್ನು ನಮ್ಮವರು ಮಾಡಿರಲಾರರು ಎಂದು. ಅವಳು ಒಪ್ಪಿಯೂ ಬಿಟ್ಟಿದ್ದಳು. ಬೇರೆ ಯಾರಾದರೂ ಅನ್ನಲಿ, ಈ ಮಾತು ತನ್ನ ಮಗಳ ಬಾಯಲ್ಲಿ ಬರಬಾರದು ಎಂದುಕೊಂಡ ಮುದುಕ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೊರಗೆ ಹೋದಾಗ ಅವನು ಮಗಳನ್ನು ಒಳಗೇ ಉಳಿಸಿಕೊಂಡು ದೀಪ ಆರಿಸಿದ. ಕತ್ತಲು ಮುಖಕ್ಕೆ ಅಂಟಿಕೊಂಡಿತು. ಅವಳ ಎಡಗೈ ಹಿಡಿದು ಗೋಡೆಯ ಮೇಲೆ ಆಡಿಸಿದ. ಗೀರು, ಮತ್ತೆ ಗೀರು; ಒಂದೊಂದೂ ವಾಲಿದ್ದು ತಮ್ಮ ಮನೆಯವರ ಗೀರು ವಾಲುವ ಕಡೆಗೇ. ಆಮೇಲೆ ಮೂಲೆಯಲ್ಲಿ ಕೂರಿಸಿ ಆ ಕೈಯನ್ನು ಗೋಡೆಯ ಬುಡಕ್ಕೆ ಇಳಿಸಿದ. ಅಲ್ಲಿನ ಗೀರುಗಳು ಗಿಡ್ಡಗೆ, ಸೊಟ್ಟಸೊಟ್ಟಗೆ ಇದ್ದವು. ಅವುಗಳ ಪಕ್ಕದಲ್ಲೇ ಉದ್ದನೆಯ, ನೇರವಾದ ಒಂದು ಗೀರು.

ಅವಳ ಬೆರಳು ಆ ಗೀರಿನ ಮೇಲೇ ನಿಂತಿತು. ಐದು ವರ್ಷದವಳಾಗಿದ್ದಾಗ ಅಪ್ಪ ಅವಳಿಗೂ ಕಲ್ಲಿನ ಬುಡದ ಮೂಲೆಯನ್ನೇ ಬಿಟ್ಟುಕೊಡುತ್ತಿದ್ದ. ಕೆಟ್ಟರೂ ಯಾರ ಕಣ್ಣಿಗೂ ಬೀಳದ ಜಾಗ ಅದು. ಅವಳು ಸೊಟ್ಟ ಹೊಡೆದ ಮೇಲೆ ಪಕ್ಕದಲ್ಲಿ ಹೀಗೇ ಒಂದು ಗೀರು ಎಳೆದು ತೋರಿಸುತ್ತಿದ್ದ. ಈಗ ಆ ಕತ್ತಲಲ್ಲಿ ಯಾರೋ ಪುಟ್ಟವರು ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಉಳಿಗಾಗಿ ಕಾಯುತ್ತಿದ್ದಾರೆ ಅನ್ನಿಸಿ ಅವಳ ಮೈ ಜುಮ್ಮೆಂದಿತು.

"ಅಪ್ಪಾ, ಇಲ್ಲೊಂದು ಮಗು ಇದೆ," ಅಂದಳು.

"ಹೂಂ, ಇದೆ. ಮೇಲಿಂದ ಇಳಿದು ಬಂದೋರು ಮಗೂನ ಕೂರಿಸ್ಕೊಂಡು ಕೆಲಸ ಕಲಿಸ್ತಿದ್ರಾ, ನೀನೇ ಹೇಳು."

ಊಟದ ನಂತರ ಕ್ಯಾಮೆರಾ ಮುಂದೆ ನಿಂತು ಅವಳು, ಇದನ್ನು ಕೊರೆದದ್ದು ನಮ್ಮವರೇ ಎಂದಳು. ಟೀವಿಯಲ್ಲಿ ಆ ಚಿತ್ರ ಬಂದಾಗ ಅದರಲ್ಲಿ ಅವಳೂ ಇರಲಿಲ್ಲ, ಅವಳ ಮಾತೂ ಇರಲಿಲ್ಲ. ಕ್ಯಾಮೆರಾದ ಬೆಳಕಿಗೆ ಬಿದ್ದ ಎಡಚನ ನೆರಳು ಮಾತ್ರ ಗೋಡೆಯ ಮೇಲೆ ದೀಪ ಹಿಡಿದ ಉದ್ದನೆಯ ಎಡತೋಳು ಚಾಚಿ ನಿಂತಿತ್ತು. ಈ ಆಕೃತಿ ಮನುಷ್ಯರದಲ್ಲ ಎಂದು ಟೀವಿಯವನ ದನಿ ಪಿಸುಗುಟ್ಟಿತು. ಮುದುಕ ತನ್ನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ.

ಮರುದಿನ ಮಗಳು ಶಾಲೆಯ ಮಕ್ಕಳನ್ನೆಲ್ಲ ಆ ಕೋಣೆಗೆ ಕರೆತಂದು ಮೂಲೆಯಲ್ಲಿ ಕೂತಳು. ಎಡಗೈಯವರು ಯಾರ್ಯಾರಿದ್ದೀರಿ, ಮುಂದೆ ಬನ್ನಿ ಎಂದಳು. ಏಟು ಬೀಳುತ್ತದೆಂದು ಯಾರೂ ಮಿಸುಕಲಿಲ್ಲ. ಆಗ ಅವಳೇ ಮೊದಲು ತನ್ನ ಎಡಗೈ ಎತ್ತಿದಳು.