ಬೀಗ ಬಿದ್ದ ಬಾಗಿಲ ಮೇಲಿನ ಪದಬಂಧ

ಊರಿನ ದಿನಪತ್ರಿಕೆಗೆ ಮೂವತ್ತು ವರ್ಷ ಪದಬಂಧ ಹೆಣೆದವರು ಅಚ್ಚುಮೊಳೆ ಜೋಡಿಸುವ ಮೇಸ್ತ್ರಿ. ಪತ್ರಿಕೆ ನಿಂತ ಮರುದಿನ ಬೆಳಿಗ್ಗೆ ಅವರಿಗೆ ಥಟ್ಟನೆ ನೆನಪಾಯಿತು: ಕೊನೆಯ ಸಂಚಿಕೆಯಲ್ಲೂ ಪದಬಂಧದ ಕೆಳಗೆ, ಎಂದಿನ ರೂಢಿಯಂತೆ, ‘ಉತ್ತರ ನಾಳೆ’ ಎಂದೇ ಅಚ್ಚಾಗಿತ್ತು!

“ಇವತ್ತು ಪೇಪರೇ ಇಲ್ವಲ್ಲೇ! ಓದೋರಿಗೆ ಹೇಗೆ ಮುಖ ತೋರಿಸ್ಲಿ?” ಎಂದು ಹೆಂಡತಿಯ ಮುಂದೆ ಗೋಳಾಡಿದರು.

“ಸೀಮೆಸುಣ್ಣ ತಗೊಂಡು ಹೋಗಿ. ಬರೆದ್ರೆ ಪ್ರೆಸ್ಸಿನ ಬಾಗಿಲೇನು ಸವೆದುಹೋಗುತ್ತಾ?” ಎಂದರಾಕೆ.

ಮೇಸ್ತ್ರಿ ಎದ್ದೆನೋ ಬಿದ್ದೆನೋ ಎಂದು ಓಡಿದರು. ಬೀಗ ಬಿದ್ದ ಬಾಗಿಲ ಮೇಲೆ ಚೌಕ ಎಳೆದು ಉತ್ತರ ತುಂಬುವಷ್ಟರಲ್ಲಿ ಜನ ಮುತ್ತಿಕೊಂಡರು. ಎದುರಂಗಡಿಯ ದರ್ಜಿ ನಿನ್ನೆಯ ಪೇಪರು ಬಿಚ್ಚಿ ಹೋಲಿಸಿ ನೋಡಿದ.

“ಮೇಸ್ತ್ರಿಗಳೇ, ಹನ್ನೊಂದನೇ ಸುಳಿವಿಗೆ ನಿಮ್ಮದಕ್ಕಿಂತ ನನ್ನ ಉತ್ತರಾನೇ ವಾಸಿ!”

“ಪೇಪರು ಮುಚ್ಚಿದ್ರೂ ನಿನ್ನ ಬಾಯಿ ಮುಚ್ಚಲಿಲ್ವಲ್ಲೋ!” ಎಂದು ಮೇಸ್ತ್ರಿ ಗಹಗಹಿಸಿ ನಕ್ಕು, ವಾದಕ್ಕೆ ಅಲ್ಲೇ ಮೆಟ್ಟಿಲ ಮೇಲೆ ಕೂತರು.