ಕೆರೆ ದಂಡೆಯ ಆರು ಕುಳಿ

ಆ ಭಾನುವಾರ ಬೆಳಿಗ್ಗೆ ಪರಸವ್ವ ಒರಳಿನಲ್ಲಿ ಕೆಂಪು ಖಾರ ಕುಟ್ಟುತ್ತಿದ್ದಳು. ಕಣ್ಣಲ್ಲಿ ನೀರು, ಮೂಗಲ್ಲಿ ನೀರು. ಗಂಡ ಯಲಗೂರಪ್ಪ ಹೊಸ್ತಿಲಲ್ಲಿ ಕೂತು ತನ್ನ ಕಬ್ಬಿಣದ ಕೋಲಿನ ತಲೆಗೆ ಬೂದಿ ಹಚ್ಚಿ ತಿಕ್ಕುತ್ತಿದ್ದ.

"ಇವತ್ತೊಂದಿನ ನೀ ಹೋಗಿ ಕೆರಿ ದಂಡಿ ಕುಳಿಯಾಗಿನ ಹಿಕ್ಕಿ ತಗದ ಬಾ ಬೇ," ಎಂದ. "ಸಂಗು ಆಡಾಕ ಬರ್ತಾನ. ನನಗ ಇನ್ನೂ ಬಾವುಟದ ಕಡ್ಡಿ ಹುಗಿಯೂದೈತಿ."

"ಕುರಿ ಹಿಕ್ಕಿ ತಗ್ಯಾಕ ನನ್ನ ಲಗ್ನ ಆಗೀರೇನು? ಗೋವಾದಾಗ ಯಾರ ತಗೀತಿದ್ರು? ಅಕಿನ್ನ ಕರಸ್ಕೋರಿ."

"ಗೋವಾದಾಗ ಕುರಿ ಎಲ್ಲಿದ್ದೂವು? ಅಲ್ಲಿ ಕುಳಿಯಾಗ ಏಡಿ ಕುಂದರತಿದ್ದೂವು. ಕೈ ಹಾಕಿದ್ರ ಕಚ್ಚತಿದ್ದೂವು, ಥೇಟ್ ನಿನ್ನಂಗ."

ಪರಸವ್ವ ಒನಕೆ ಎತ್ತಿ ತೋರಿಸಿದಳು. ಅಷ್ಟರಲ್ಲಿ ಪಕ್ಕದ ಮನೆಯ ಬಾನುಬಿ ಗೋಡೆಯಾಚೆಯಿಂದ, "ಹೋಯ್! ಪರಸವ್ವಾ!" ಎಂದು ಕೂಗಿದಳು. ಯಲಗೂರಪ್ಪ ಕೋಲು ಬಿಟ್ಟವನೇ ಎರಡೂ ಕೈಯಿಂದ ತಲೆ ಮುಚ್ಚಿಕೊಂಡು, ಮೊಣಕಾಲುಗಳ ನಡುವೆ ಮುಖ ತುರುಕಿದ.

"ನೋಡ ಬಾನುಬಿ, ನೀ ಉಪ್ಪ ಕೇಳಿದ್ರ ನಮ್ಮನಿಯವ್ರು ಬಾಂಬ್ ಬಿದ್ದಂಗ ಮಾಡ್ತಾರ!"

"ಉಪ್ಪಲ್ಲವ್ವ, ಬೆಲ್ಲ," ಎಂದಳು ಬಾನುಬಿ. ಮೂವರೂ ನಕ್ಕರು. ಆ ಮನೆಯಲ್ಲಿ ಮೂವರು ಕೂಡಿ ನಕ್ಕಿದ್ದು ಅದೇ ಕೊನೆ.

ತಲೆ ಮುಚ್ಚಿಕೊಳ್ಳುವ ಆ ಚಾಳಿ ಅವನಿಗೆ ಗೋವಾದಿಂದ ಬಂದದ್ದು. ಮಮದಾಪುರದ ಯಲಗೂರಪ್ಪ ಹನ್ನೆರಡು ವರ್ಷ ಅಲ್ಲಿ ಸಮುದ್ರದ ದಂಡೆಯ ಒಂದು ಹೋಟೆಲಿನಲ್ಲಿ ಹುಲ್ಲು ಕತ್ತರಿಸುವ ಕೆಲಸಕ್ಕಿದ್ದ. ಹೋಟೆಲಿನ ಹಿಂದೆ ಹಳೇ ಕಾಲದ ಸಣ್ಣದೊಂದು ಗಾಲ್ಫ್ ಬಯಲು. ಆ ನೆಲವನ್ನು ಯಾರೂ ಸಮ ಮಾಡಿರಲಿಲ್ಲ. ಗಾಳಿ ಮರಳನ್ನು ಎಲ್ಲಿ ಗುಡ್ಡೆ ಹಾಕಿತ್ತೋ ಅಲ್ಲೇ ಗುಡ್ಡೆ, ಎಲ್ಲಿ ತೋಡಿತ್ತೋ ಅಲ್ಲೇ ತಗ್ಗು. ಒಂಬತ್ತು ಕುಳಿ. ಒಂದರಿಂದ ಇನ್ನೊಂದಕ್ಕೆ ನೂರು ಹೆಜ್ಜೆ. ಬಿಳಿ ಚೆಂಡನ್ನು ಕೋಲಿನಿಂದ ಹೊಡೆದು ಕುಳಿಗೆ ಹಾಕಬೇಕು. ಕಡಿಮೆ ಹೊಡೆತದಲ್ಲಿ ಹಾಕಿದವನು ಗೆದ್ದ. ಚೆಂಡು ಜನರ ಕಡೆ ಹಾರಿದರೆ ಹೊಡೆದವನು ಕೂಗಬೇಕು. ಕೂಗು ಕೇಳಿದವರೆಲ್ಲ ತಲೆ ಮುಚ್ಚಿಕೊಂಡು ಕುಕ್ಕರಿಸಬೇಕು. ನಿದ್ದೆಯಲ್ಲಿದ್ದಾಗ ಯಾರಾದರೂ ಕೂಗಿದರೂ ಅವನ ಕೈ ತಲೆಗೆ ಹೋಗುತ್ತಿತ್ತು.

ಒಮ್ಮೆ ಯಾವನೋ ದೊಡ್ಡಮನುಷ್ಯ ಸೋತ ಸಿಟ್ಟಿಗೆ ಕೋಲೆತ್ತಿ ಯಲಗೂರಪ್ಪನ ಬೆನ್ನಿಗೆ ಬಾರಿಸಿದ. ಕೋಲು ಬಾಗಿತು. ಬಾಗಿದ ಕೋಲನ್ನು ಅವನು ಎಸೆದು ಹೋದ. ಯಲಗೂರಪ್ಪ ಅದನ್ನು ಕಲ್ಲಿನ ಮೇಲಿಟ್ಟು ತಟ್ಟಿ ತಟ್ಟಿ ನೆಟ್ಟಗೆ ಮಾಡಿಕೊಂಡ. ಹೋಟೆಲಿನವರು ಬಯಲಲ್ಲಿ ಕೋಣೆ ಕಟ್ಟಲು ಶುರು ಮಾಡಿದಾಗ ಆ ಒಂದು ಕೋಲು, ಮರಳಲ್ಲಿ ಸಿಕ್ಕ ಒಂದು ಚೀಲ ಚೆಂಡು ತಗೊಂಡು ಊರಿಗೆ ಬಂದ. ಅವನ ಬೆನ್ನಿಗೆ ಎಣ್ಣೆ ತಿಕ್ಕುವಾಗ ಪರಸವ್ವನ ಬೆರಳಿಗೆ ಆ ಬಾಸುಂಡೆ ಸಿಗುತ್ತಿತ್ತು.

ಮಮದಾಪುರದ ಕೆರೆ ಚಳಿಗಾಲ ಕಳೆದ ಮೇಲೆ ಹಿಂದೆ ಸರಿಯುತ್ತದೆ. ದಂಡೆಯಲ್ಲಿ ಮರಳು, ಗರಿಕೆ. ಕುರಿಗಳು ಗರಿಕೆಯನ್ನು ಬುಡಮಟ ಮೇಯ್ದಿರುತ್ತವೆ. ನೀರಿನ ಮೇಲಿಂದ ಗಾಳಿ. ಯಲಗೂರಪ್ಪ ಅದನ್ನು ನೋಡಿ, "ಇದ ನಮ್ಮ ಸಮುದ್ರ," ಎಂದ. ಆರು ಕುಳಿ ತೋಡಿ, ಒಳಗೆ ಬಣ್ಣದ ಡಬ್ಬಿ ಹುಗಿದು, ಪಕ್ಕದಲ್ಲಿ ಹತ್ತಿಕಟ್ಟಿಗೆಗೆ ಕೆಂಪು ಚಿಂದಿ ಕಟ್ಟಿ ನಿಲ್ಲಿಸಿದ. ಜನ ನಕ್ಕರು. "ಏನೋ ಯಲಗೂರಾ, ಇಲಿ ಹಿಡ್ಯಾಕತ್ತೀಯೇನು?" ಎಂದರು. ಕುರಿ ಕಾಯುವ ಸಂಗು ಮಾತ್ರ ನಗಲಿಲ್ಲ. ಅವನಿಗೆ ಇಪ್ಪತ್ತಮೂರು ವರ್ಷ. ಮುಂದಿನ ತಿಂಗಳು ಮದುವೆ. ಅವನು ಪರಸವ್ವನನ್ನು ಯಕ್ಕಾ ಎನ್ನುತ್ತಿದ್ದ, ಯಲಗೂರಪ್ಪನನ್ನು ಮಾವ ಎನ್ನುತ್ತಿದ್ದ.

ಯಲಗೂರಪ್ಪ ಅವನಿಗೆ ಆಟ ಕಲಿಸಿದ. ಚೆಂಡು ಬಿದ್ದಲ್ಲಿಂದಲೇ ಹೊಡೆಯಬೇಕು, ಕೈಯಿಂದ ಎತ್ತಿ ಒಳ್ಳೇ ಜಾಗದಲ್ಲಿ ಇಡುವ ಹಾಗಿಲ್ಲ. ಮರಳು ಕೆದರಿದವನೇ ಮರಳು ಸಮ ಮಾಡಬೇಕು. ಈ ಆಟಕ್ಕೆ ತೀರ್ಪು ಹೇಳುವ ಪಂಚರಿಲ್ಲ. ನಿನ್ನ ಹೊಡೆತ ನೀನೇ ಎಣಿಸಿ, ಬಾಯಿಬಿಟ್ಟು ಹೇಳಬೇಕು. ಎಲ್ಲ ಕಲಿಸಿದ. ಒಂದನ್ನು ಮರೆತ.

ಆ ಭಾನುವಾರ ಹೊತ್ತೇರಿದ ಮೇಲೆ ಪರಸವ್ವ ಕೆರೆಯಲ್ಲಿ ಕೌದಿ ಒಗೆಯುತ್ತಿದ್ದಳು. ನಾಲ್ಕನೆಯ ಕುಳಿಗೆ ಸಂಗು ಮೂರು ಹೊಡೆತ ಹೊಡೆದು, ಕೋಲನ್ನು ಮಾವನ ಕೈಗೆ ಕೊಟ್ಟು, ಕುರಿ ಅಡ್ಡ ಬಂದವೆಂದು ಅಟ್ಟಲು ಮುಂದೆ ಹೋಗಿದ್ದ. ಯಲಗೂರಪ್ಪ ಹೊಡೆದ. ಗಾಳಿ ಚೆಂಡನ್ನು ಅತ್ತ ತಳ್ಳಿತು.

"ಹೋಯ್!" ಎಂದು ಕೂಗಿದ.

ಕುರಿ ಕಾಯುವವರಿಗೆ ಹೋಯ್ ಎಂದರೆ ತೋಳ ಬಂತು, ಮರಿ ತಪ್ಪಿತು, ತಿರುಗಿ ನೋಡು. ಹುಟ್ಟಿದಾಗಿನಿಂದ ಸಂಗು ಆ ಕೂಗಿಗೆ ತಿರುಗಿ ನೋಡಿದವನು. ಅವತ್ತೂ ನೋಡಿದ.

ಒದ್ದೆ ಕೌದಿ ಕಲ್ಲಿಗೆ ಬಡಿದಂಥ ಸಪ್ಪಳ ಪರಸವ್ವನಿಗೆ ಕೇಳಿತು. ಓಡಿ ಹೋದಾಗ ಸಂಗು ಮಣ್ಣಲ್ಲಿ ಹೊರಳಾಡುತ್ತಿದ್ದ. ಎಡಗಣ್ಣಿದ್ದ ಜಾಗದಲ್ಲಿ ಕಣ್ಣಿರಲಿಲ್ಲ. ಬೆರಳುಗಳ ಸಂದಿಯಿಂದ ರಕ್ತ ಮೊಣಕೈತನಕ ಇಳಿದಿತ್ತು. ಯಲಗೂರಪ್ಪ ಅವನನ್ನು ಹೆಗಲ ಮೇಲೆ ಹಾಕಿಕೊಂಡು ರಸ್ತೆಗೆ ಓಡಿದ. ಜೀಪಿನಲ್ಲಿ ಬಬಲೇಶ್ವರ, ಅಲ್ಲಿಂದ ವಿಜಯಪುರ. ಡಾಕ್ಟರು ಕಣ್ಣು ಹೋಯಿತು ಎಂದರು.

ಸಂಗುವಿನ ಅಣ್ಣ ಶಿವಶರಣಪ್ಪ ಆಸ್ಪತ್ರೆಯ ಅಂಗಳದಲ್ಲೇ ಯಲಗೂರಪ್ಪನ ಅಂಗಿ ಹಿಡಿದು ಗೋಡೆಗೆ ಬಡಿದ. ತಂದೆ ಸತ್ತ ಮೇಲೆ ತಮ್ಮನನ್ನು ಸಾಕಿದವನು ಅವನೇ. "ನನ್ನ ತಮ್ಮನ ಮದವಿ ನಿಂತ್ರ ನಿನ್ನ ಹೂಳತೀನಲೇ. ನಿನ್ನ ಕುಳಿಯಾಗ ಹೂಳತೀನಿ," ಎಂದ. ಯಲಗೂರಪ್ಪ ಕೈ ಎತ್ತಲಿಲ್ಲ. ಒಡೆದ ತುಟಿ ಒರೆಸಿಕೊಂಡು ಮನೆಗೆ ಬಂದ.

"ಘೋಣಸಗಿಗೆ ನಡೀರಿ," ಎಂದಳು ಪರಸವ್ವ. ಅದು ಅವಳ ತವರು. "ಅವನ ಸಿಟ್ಟ ಇಳೀಮಟ ನಮ್ಮಣ್ಣನ ಮನ್ಯಾಗ ಇರೂಣು. ಕೈಮುಗೀತೀನಿ."

"ಹೋಗೂದಿಲ್ಲ."

"ಸಾಯ್ತೀರಿ!"

"ಚೆಂಡ ಬಿದ್ದಲ್ಲೇ ಹೊಡೀಬೇಕು ಪರಸಿ. ಎತ್ತಿ ಬ್ಯಾರೆ ಕಡೆ ಇಡಾಕ ಬರೂದಿಲ್ಲ."

"ಆಟದ ಮಾತ ತಂದ ಸಂಸಾರಕ್ಕ ಹಾಕ್ತೀರಲ್ಲ, ನಿಮ್ಮ ಬಾಯಾಗ ಮಣ್ಣ ಬೀಳಲಿ!"

ಆ ಮಾತು ಅವಳು ಅಂದಳು. ಅಂದದ್ದು ಅಂದದ್ದೇ.

ನಾಲ್ಕು ದಿನ ಅವನು ಆಡಲಿಲ್ಲ. ಆದರೆ ದಿನಾ ಬೆಳಿಗ್ಗೆ ಹೋಗಿ ಕುಳಿಯ ಹಿಕ್ಕೆ ತೆಗೆದು ಬರುತ್ತಿದ್ದ. "ಸಂಗು ಬಂದ ಹೇಳ್ಲಿ, ಮುಚ್ಚ ಅಂದ್ರ ಮುಚ್ಚತೀನಿ. ಅಲ್ಲೀಮಟ ಸ್ವಚ್ಛ ಇರ್ಲಿ," ಎನ್ನುತ್ತಿದ್ದ. ಕುಳಿಯಲ್ಲಿ ಹಾವು ಇದ್ದೀತೆಂದು ಮೊದಲು ಕೋಲಿನಿಂದ ಕೆದರಿ ಆಮೇಲೆ ಕೈ ಹಾಕುವುದು ಅವನ ರೂಢಿ.

ಗುರುವಾರ ಸಂಜೆ ತಿಕೋಟಾದಿಂದ ಹೆಣ್ಣಿನವರು ಫೋನ್ ಮಾಡಿ, ಒಕ್ಕಣ್ಣನಿಗೆ ಹುಡುಗಿ ಕೊಡುವುದಿಲ್ಲ ಎಂದರು.

ಶುಕ್ರವಾರ ಬೆಳಿಗ್ಗೆ ಪರಸವ್ವ ರೊಟ್ಟಿ ಗಂಟು ಹಿಡಿದು ಕೆರೆ ಏರಿ ಹತ್ತಿದಳು. ಕೆಳಗೆ, ಇನ್ನೂರು ಹೆಜ್ಜೆ ದೂರದಲ್ಲಿ, ಯಲಗೂರಪ್ಪ ಐದನೆಯ ಕುಳಿಯ ಮುಂದೆ ಮೊಣಕಾಲೂರಿ ಕೂತಿದ್ದ. ಕೈ ಕುಳಿಯೊಳಗೆ. ಕೋಲು ಹಿಂದೆ ಬಿದ್ದಿತ್ತು. ಗಾಳಿ ನೀರಿನ ಕಡೆಯಿಂದ ಬೀಸುತ್ತಿತ್ತು. ಅವನಿಗೆ ಹೆಜ್ಜೆ ಸಪ್ಪಳ ಕೇಳಲಿಲ್ಲ. ಶಿವಶರಣಪ್ಪ ಹಿಂದಿನಿಂದ ಬಂದು ಬಾಗಿ ಆ ಕೋಲನ್ನು ಎತ್ತಿಕೊಂಡ.

ಪರಸವ್ವ ಬಾಯಿ ತೆರೆದಳು. ಕೂಗಿದರೆ ಗಂಡ ತಿರುಗಿ ನೋಡುತ್ತಾನೆ. ನೋಡಿದರೆ ಏಟು ಕಣ್ಣಿಗೆ ಬೀಳುತ್ತದೆ. ಸಂಗುವಿನ ಮುಖ ಅವಳ ಕಣ್ಣಮುಂದೆ ಬಂತು. ಬಾಯಿ ಮುಚ್ಚಿಕೊಂಡು ಓಡಿದಳು.

ಮೊದಲ ಹೊಡೆತ ಬೆನ್ನಿಗೆ, ಹಳೇ ಬಾಸುಂಡೆಯ ಮೇಲೆ. ಎರಡನೆಯದು ಹೆಗಲಿಗೆ. ಮೂರನೆಯದು ತಲೆಗೆ ಬೀಳುವಾಗ ಅವಳಿಗೆ ನೆನಪಾಯಿತು: ಇವನು ತಿರುಗಿ ನೋಡುವವನಲ್ಲ. ಇವನು ತಲೆ ಮುಚ್ಚಿಕೊಳ್ಳುವವನು. ಕೂಗಿದ್ದರೆ ಮುಚ್ಚಿಕೊಳ್ಳುತ್ತಿದ್ದ.

"ಹೋಯ್!" ಎಂದಳು. ಆಗ ಕೂಗಿದಳು. ಯಲಗೂರಪ್ಪನ ಒಂದು ಕೈ ಮೇಲೆದ್ದಿತು, ಅರ್ಧಕ್ಕೆ ನಿಂತಿತು. ನಾಲ್ಕು. ಐದು. ತಲೆ ಬಿಚ್ಚಿಕೊಂಡಿತು. ಅವನು ಕುಳಿಯ ಮೇಲೆ ಬೋರಲು ಬಿದ್ದ. ಬಾಯಲ್ಲಿ ಮಣ್ಣಿತ್ತು.

ಶಿವಶರಣಪ್ಪ ಕೋಲು ಎಸೆದು ಏದುಸಿರು ಬಿಡುತ್ತ ನಿಂತಿದ್ದ. ತನ್ನ ಕೈಗಳನ್ನೇ ನೋಡಿಕೊಳ್ಳುತ್ತಿದ್ದ. ಪರಸವ್ವ ಕೋಲು ಎತ್ತಿಕೊಂಡಳು. ಹದಿನೇಳು ವರ್ಷ ಒನಕೆ ಹಿಡಿದ ಕೈ. ಮೊದಲು ಮೊಣಕಾಲಿಗೆ ಕೊಟ್ಟಳು. ಚಿಪ್ಪು ಒಡೆದ ಸಪ್ಪಳ ಕೇಳಿತು, ಅವನು ಕುಸಿದ. ಎರಡನೆಯದು ದವಡೆಗೆ. ಹಲ್ಲು ಗರಿಕೆಯ ಮೇಲೆ ಬಿದ್ದವು. ಮೂರನೆಯದಕ್ಕೆ ಕೋಲನ್ನು ತಲೆಯ ಮೇಲೆ ಎತ್ತಿದಳು. ಅದು ಇಳಿದಿದ್ದರೆ ಅವನೂ ಅಲ್ಲೇ.

"ಹೋಯ್!" ಎಂದು ಏರಿಯ ಮೇಲಿಂದ ಯಾರೋ ಕುರಿಯವನು ಕೂಗಿದ.

ಪರಸವ್ವ ತಿರುಗಿ ನೋಡಿದಳು. ಅಷ್ಟರಲ್ಲಿ ಜನ ಬಂದು ಅವಳ ಕೈ ಹಿಡಿದರು.

ಶಿವಶರಣಪ್ಪ ವಿಜಯಪುರದ ಜೈಲಿಗೆ ಹೋದ. ಪರಸವ್ವನ ಮೇಲೂ ಒಂದು ಕೇಸಾಯಿತು. ವಕೀಲ ಗುರುರಾಜರು ಕೋರ್ಟಿನ ಮೆಟ್ಟಿಲ ಮೇಲೆ ಅವಳನ್ನು ಕೂಡಿಸಿಕೊಂಡು ಹೇಳಿಕೊಟ್ಟರು. "ನೋಡ್ರಿ ಪರಸವ್ವ, ಅಂವ ಓಡಾಕ ಹೋಗಿ ಕಲ್ಲಮ್ಯಾಲ ಬಿದ್ದ ಅನ್ರಿ. ನೀವು ಕೋಲ ಮುಟ್ಟೇ ಇಲ್ಲ. ಇಷ್ಟ ಸಾಕು."

ಒಳಗೆ ಜಡ್ಜ್ ಸಾಹೇಬರು ಕೇಳಿದಾಗ ಪರಸವ್ವ, "ಹೊಡದೀನ್ರಿ," ಎಂದಳು. ಗುರುರಾಜರು ಹಣೆ ಹಿಡಿದುಕೊಂಡರು.

"ಎಷ್ಟು?"

"ಎರಡ್ರಿ. ಒಂದ ಮೊಣಕಾಲಿಗೆ, ಒಂದ ದವಡಿಗೆ. ಮೂರನೇದು ಎತ್ತಿದ್ದೆ, ಬೀಳಲಿಲ್ಲ. ಅಂವ ನಮ್ಮವರಿಗೆ ಐದ ಹೊಡದಾನ್ರಿ. ನಾ ಕೂಗಬೇಕಾಗಿತ್ತು, ವ್ಯಾಳ್ಯಾಕ್ಕ ಕೂಗಲಿಲ್ಲ. ಅದನ್ನೂ ಬರಕೋರಿ."

"ಅದು ಬೇಡಮ್ಮ," ಎಂದರು ಸಾಹೇಬರು. ಬರೆದುಕೊಳ್ಳಲಿಲ್ಲ. ಕೇಸು ಇನ್ನೂ ನಡೆದಿದೆ. ತಾರೀಖು ಬಂದಾಗ ಅವಳು ಬಸ್ ಹತ್ತುತ್ತಾಳೆ.

ಪರಸವ್ವನನ್ನು ಅಣ್ಣ ಘೋಣಸಗಿಗೆ ಕರೆದ. ಹೋಗಲಿಲ್ಲ. ಊರಲ್ಲಿ ಎರಡು ಮಾತು ನಡೆದವು. ಕುಳಿ ಮುಚ್ಚಿ ನೆಲ ಹರಗಿಬಿಡಿ ಎಂದರು ಕೆಲವರು. ಸಂಗು ಬಂದು ಹೇಳಲಿ ಎಂದಳು ಪರಸವ್ವ.

ಸಂಗು ತಿಂಗಳಾದ ಮೇಲೆ ಬಂದ. ಕಣ್ಣಿಗೆ ಹಸಿರು ಬಟ್ಟೆ. ಬಾಗಿಲಲ್ಲಿ ನಿಂತ, ಒಳಗೆ ಬರಲಿಲ್ಲ.

"ನಮ್ಮಣ್ಣ ನಿನ್ನ ಗಂಡನ್ನ ಕೊಂದಾನ ಯಕ್ಕಾ. ನಾ ಹೆಂಗ ಒಳಗ ಬರ್ಲಿ?"

"ನನ್ನ ಗಂಡ ನಿನ್ನ ಕಣ್ಣ ತಗದಾನ. ನಾ ಹೆಂಗ ಹೊರಗ ನಿಂದರಸಲಿ? ಬಾ." ಚಹಾ ಕೊಟ್ಟಳು. ಅವನ ಎಡಗಡೆ ಇಟ್ಟ ಕಪ್ಪು ಅವನಿಗೆ ಕಾಣಲಿಲ್ಲ. ಎತ್ತಿ ಬಲಗಡೆ ಇಟ್ಟಳು. "ಕುಳಿ ಮುಚ್ಚಲೇನೋ ತಮ್ಮಾ? ನಿನ್ನ ಕೇಳಬೇಕಂತ ಅವ್ರು ಕಾದಿದ್ರು."

ಸಂಗು ಕಪ್ಪು ಕೆಳಗಿಟ್ಟ. "ನಾಕನೇ ಕುಳಿಗೆ ನಂದ ಮೂರ ಹೊಡ್ತ ಆಗಿದ್ದೂವು," ಎಂದ. "ಚೆಂಡ ಇನ್ನೂ ಅಲ್ಲೇ ಐತಿ. ಎತ್ತಿಲ್ಲ."

"ಹಂಗಾರ ಇರ್ಲಿ," ಎಂದಳು.

ಕೋಲು ಪೊಲೀಸರ ಹತ್ತಿರ ಇದೆ. ಸಂಗು ಇನ್ನೂ ಆಡಿಲ್ಲ. ಕೆರೆಯ ನೀರು ಏರಿದಾಗ ಆರನೆಯ ಕುಳಿ ಮುಳುಗುತ್ತದೆ, ಇಳಿದಾಗ ಮತ್ತೆ ಕಾಣುತ್ತದೆ. ಕುರಿಗಳು ದಿನಾ ಮೇಯುತ್ತವೆ.

ದಿನಾ ಬೆಳಿಗ್ಗೆ ಪರಸವ್ವ ಏರಿ ಇಳಿದು ಹೋಗುತ್ತಾಳೆ. ಹತ್ತಿಕಟ್ಟಿಗೆಯಿಂದ ಮೊದಲು ಕೆದರುತ್ತಾಳೆ, ಹಾವು ಇದ್ದೀತೆಂದು. ಆಮೇಲೆ ಮೊಣಕಾಲೂರಿ ಕೈ ಹಾಕಿ ಹಿಕ್ಕೆ ತೆಗೆಯುತ್ತಾಳೆ. ಒಂದನೆಯದು, ಎರಡನೆಯದು, ಮೂರನೆಯದು. ನಾಲ್ಕನೆಯದರ ಹತ್ತಿರ ಬಿದ್ದ ಚೆಂಡನ್ನು ಮುಟ್ಟುವುದಿಲ್ಲ. ಐದನೆಯದಕ್ಕೆ ತುಸು ಹೊತ್ತು ಹಿಡಿಯುತ್ತದೆ. ಆರನೆಯದರಲ್ಲಿ ಒದ್ದೆ ಮರಳು. ಬೊಗಸೆಯಿಂದ ತೋಡಿ ಹಾಕಿ, ಸುತ್ತಲಿನ ಮರಳನ್ನು ಅಂಗೈಯಿಂದ ಸಮ ಮಾಡಿ, ಕೆರೆಯಲ್ಲಿ ಕೈ ತೊಳೆದುಕೊಂಡು ರೊಟ್ಟಿ ಬಡಿಯಲು ಮನೆಗೆ ಬರುತ್ತಾಳೆ.